ಬೋರ್ಡಿನ ಮೇಲಿಲ್ಲದ ಕನ್ನಡ

ಹೈದರಾಬಾದಿನ ಕಾಚಿಗುಡ ರೈಲು ನಿಲ್ದಾಣದಿಂದ ಹೊರಬಿದ್ದು ಬಡೀ ಚೌಡಿ, ಸುಲ್ತಾನ್ ಬಜಾರಿನ ಕಡೆ ನಡೆದರೆ ದಾರಿಯ ಎರಡೂ ಬದಿಗೆ ಮೂರು ಲಿಪಿಗಳ ಬೋರ್ಡುಗಳು ಸಿಗುತ್ತವೆ. ತೆಲುಗು, ಇಂಗ್ಲಿಷು, ಅಲ್ಲಲ್ಲಿ ಉರ್ದು. ಕನ್ನಡದ ಅಕ್ಷರ ಕಣ್ಣಿಗೆ ಬೀಳುವುದು ತೀರ ಅಪರೂಪ. ಕಿವಿಗೆ ಬೀಳುವುದು ಅಷ್ಟು ಅಪರೂಪವಲ್ಲ.

ಆ ಕಡೆಯ ಒಂದು ಗಲ್ಲಿಯಲ್ಲಿ, ಒಂದು ಕಿರಾಣಿ ಅಂಗಡಿಯ ಮುಂದೆ, ಒಂದು ಸಂಜೆ ನನ್ನ ಸರದಿಗಾಗಿ ಕಾದು ನಿಂತಿದ್ದೆ. ಅಂಗಡಿಯ ಹಿರಿಯರು ನನ್ನ ಮುಂದಿದ್ದ ಹೆಣ್ಣುಮಗಳೊಂದಿಗೆ ತೆಲುಗಿನಲ್ಲಿ ಮಾತಾಡುತ್ತ ತೊಗರಿಬೇಳೆ ಕಟ್ಟಿದರು. ನಡುವೆ ಬಂದ ಒಬ್ಬ ಹುಡುಗನಿಗೆ ಇಲ್ಲಿನ ಬೀದಿಯ ಉರ್ದುವಾದ ದಖನಿಯಲ್ಲೇ ಉತ್ತರ ಕೊಟ್ಟು ಕಳಿಸಿದರು. ಆಕೆ ಐನೂರರ ನೋಟು ಕೊಟ್ಟಾಗ ಗಲ್ಲಾ ಎಳೆದು ಚಿಲ್ಲರೆ ಎಣಿಸತೊಡಗಿದರು. ತುಟಿ ಅಲುಗುತ್ತಿತ್ತು, ದನಿ ಹೊರಗೆ ಬಂದೂ ಬಾರದ ಹಾಗಿತ್ತು: "ಒಂದ, ಎರಡ, ಮೂರ, ನಾಕ..."

ನನ್ನ ಸರದಿ ಬಂದಾಗ, "ಕಾಕಾ, ಗುರೆಳ್ಳ ಹಿಂಡಿ ಅದೇನ್ರಿ?" ಎಂದೆ. ಅವರು ತಲೆಯೆತ್ತಿ ನೋಡಿದರು. ಹಿಂಡಿ, ಎಂದರೆ ಚಟ್ನಿಪುಡಿ, ಇದೆಯೋ ಇಲ್ಲವೋ ಎಂಬ ಉತ್ತರಕ್ಕಿಂತ ಮೊದಲು ಬಂದದ್ದು, "ಯಾವೂರು ರೀ ನಿಮ್ದು?" ಎಂಬ ಪ್ರಶ್ನೆ.

ಈ ಲೇಖನ ಆ ಎರಡು ಮಾತುಗಳ ನಡುವಿನ ಜಾಗದ ಕುರಿತು. ಒಂದು ಭಾಷೆಗೆ ಬೋರ್ಡಿಲ್ಲದ ಊರಿನಲ್ಲಿ, ಸರ್ಕಾರದ ಆಸರೆ ಇಲ್ಲದ ಊರಿನಲ್ಲಿ, ಅದು ದಿನದಿನವೂ ಎಲ್ಲಿ ಉಸಿರಾಡುತ್ತದೆ? ನನಗೆ ಕಂಡಂತೆ ಅದು ಉಳಿಯುವುದೂ ಅಳಿಯುವುದೂ ಅಂಗಡಿಯ ಕಟ್ಟೆಯ ಮೇಲೆ, ಕೊಡುವ-ಕೊಳ್ಳುವ ಮಾತಿನಲ್ಲಿ. ಮನೆಯಲ್ಲಿ ಆಡುವ ಮಾತು ಎರಡು ತಲೆಮಾರು ಬಂದೀತು. ಸಂಘದ ವೇದಿಕೆಯ ಮಾತು ವರ್ಷಕ್ಕೆ ನಾಲ್ಕು ಸಲ ಕೇಳೀತು. ಪರಿಚಯವಿಲ್ಲದ ಒಬ್ಬರೊಡನೆ, ಕೆಲಸಕ್ಕಾಗಿ, ದಿನವೂ ಆಡುವ ಮಾತು ನಿಂತರೆ ಮಿಕ್ಕೆರಡೂ ಬಹಳ ದಿನ ನಿಲ್ಲುವುದಿಲ್ಲ.

ಮೊದಲಿಗೆ, ಹೈದರಾಬಾದಿಗೂ ಕನ್ನಡಕ್ಕೂ ಇರುವ ನಂಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬೆಂಗಳೂರು, ಮೈಸೂರಿನ ಕಡೆಯ ಓದುಗರಲ್ಲಿ ಹಲವರು ಇಲ್ಲಿನ ಕನ್ನಡಿಗರನ್ನು ಕೆಲಸ ಹುಡುಕಿಕೊಂಡು ಹೊರನಾಡಿಗೆ ಹೋದವರೆಂದೇ ತಿಳಿದಿದ್ದಾರೆ. ಅದು ಅರ್ಧ ನಿಜ. ಬೀದರ, ಕಲಬುರಗಿ, ರಾಯಚೂರು ಕಡೆಯವರಿಗೆ ಹೈದರಾಬಾದು ಹೊರನಾಡಾಗಿರಲೇ ಇಲ್ಲ, ಅದು ಅವರ ರಾಜಧಾನಿಯೇ ಆಗಿತ್ತು. ನಿಜಾಮರ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಮೂರೂ ಸೀಮೆಗಳಿದ್ದವು. ಹತ್ತು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಕನ್ನಡ ಮಾತಿನವರು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಓಡಿತು. ಕಲಬುರಗಿ ಸೀಮೆಯ ತೊಗರಿ, ಶಹಾಬಾದಿನ ಹಾಸುಗಲ್ಲು, ಕೋರ್ಟು ಕಚೇರಿಯ ಕೆಲಸಕ್ಕೆ ಬರುವ ಜನ, ಓದಲು ಬರುವ ಹುಡುಗರು ಎಲ್ಲರೂ ಆ ಹಳಿಯ ಮೇಲೇ ಬಂದರು.

ಬಂದ ಹುಡುಗರಿಗೆ ಕಾದಿದ್ದುದು ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮ ಮಾಡಿದ ದೊಡ್ಡ ಪ್ರಯೋಗ. ಆದರೆ ಆ ದೇಶಭಾಷೆ ಹಳ್ಳಿಯ ಕನ್ನಡ ಹುಡುಗನ ಮಾತಾಗಿರಲಿಲ್ಲ. ಆಡಳಿತದಲ್ಲಿ, ನ್ಯಾಯಾಲಯದಲ್ಲಿ, ಶಾಲೆಯಲ್ಲಿ ಎಡೆಯಿಲ್ಲದ ಕನ್ನಡಕ್ಕೆ ನಗರದಲ್ಲಿ ತಾವು ಮಾಡಿಕೊಟ್ಟವರು ಕಾಚಿಗುಡದ ಸುತ್ತಮುತ್ತಲಿನ ಜನ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗನ ಹೆಸರಿನ ಶಾಲೆ, ಎರಡೂ ಆ ಹಟದಿಂದ ಹುಟ್ಟಿದವು. 1941ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇದೇ ಹೈದರಾಬಾದಿನಲ್ಲಿ ನಡೆಯಿತು. ಆಗಿನ ದಿನಗಳಲ್ಲಿ ಅದು ಸಣ್ಣ ಧೈರ್ಯವಲ್ಲ.

1948ರ ಸೆಪ್ಟೆಂಬರ್ 17ಕ್ಕೆ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ಕ್ಕೆ ಅದನ್ನು ಭಾಷೆಯ ಗೆರೆಯಂತೆ ಮೂರು ಪಾಲು ಮಾಡಿದರು. ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಆಗಬೇಕಾದದ್ದೇ ಆಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗೆರೆ ಎಳೆದವರಿಗೆ ಊರುಗಳ ದೂರವನ್ನು ಬದಲಿಸಲು ಆಗುವುದಿಲ್ಲವಲ್ಲ. ಬೀದರಿನಿಂದ ಹೈದರಾಬಾದು ಸುಮಾರು 140 ಕಿಲೋಮೀಟರ್, ಬೆಂಗಳೂರು ಸುಮಾರು 700. ಹೀಗಾಗಿ ರಾಜಧಾನಿ ಬದಲಾದರೂ ದೊಡ್ಡ ಆಸ್ಪತ್ರೆ, ಮದುವೆ ಜವಳಿ, ಸಗಟು ಸಾಮಾನು, ಮಗನ ಕೋಚಿಂಗು ಎಲ್ಲಕ್ಕೂ ಬೀದರಿನವರ ಕಾಲು ಇಂದಿಗೂ ಹೈದರಾಬಾದಿನ ಕಡೆಗೇ ನಡೆಯುತ್ತದೆ. ಇಮ್ಲಿಬನ್‌ನ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ದಿನವೂ ಬಂದು ಹೋಗುವ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳ ಮೇಲೆ ಕನ್ನಡ ಬರಹ ಇರುತ್ತದೆ. ಈ ನಗರದಲ್ಲಿ ದಿನವೂ ಕಾಣುವ ಕನ್ನಡದ ಬೋರ್ಡು ಎಂದರೆ ಅದೇ, ಚಕ್ರದ ಮೇಲೆ ಬಂದು ಸಂಜೆಗೆ ಮರಳಿ ಹೋಗುವಂಥದು.

ಇಲ್ಲಿನ ಕನ್ನಡಿಗರ ಉಳಿದ ಪದರಗಳನ್ನು ಬೇಗ ಹೇಳಿಬಿಡುತ್ತೇನೆ. ಕರಾವಳಿಯಿಂದ ಹೋಟೆಲಿನವರು ಬಂದರು. ಅವರ ಮನೆಮಾತು ತುಳುವೋ ಕೊಂಕಣಿಯೋ, ಓದು-ಲೆಕ್ಕ ಕನ್ನಡದಲ್ಲಿ. 1960ರ ದಶಕದಲ್ಲಿ ಎಚ್‌ಎಂಟಿ, ಬಿಎಚ್‌ಇಎಲ್, ಇಸಿಐಎಲ್‌ನಂಥ ಕಾರ್ಖಾನೆಗಳ ಜೊತೆ ಹಳೆ ಮೈಸೂರಿನವರು ಬಂದರು. ಈಗ ಮಾಧಾಪುರ, ಕೊಂಡಾಪುರದ ಕಡೆ ಸಾಫ್ಟ್‌ವೇರಿನವರು. ಇವರ ನಡುವೆ ಜನ ಮರೆತುಬಿಡುವ ಒಂದು ವರ್ಗವಿದೆ, ಬ್ಯಾಂಕಿನವರು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯ, ಈ ಐದೂ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳು. ಅವುಗಳ ಶಾಖೆ ಎಲ್ಲಿದ್ದರೂ ವರ್ಗವಾಗಿ ಬಂದ ಒಬ್ಬ ಗುಮಾಸ್ತರಾದರೂ ಕನ್ನಡದವರಿರುತ್ತಿದ್ದರು. ಚಲನ್ ತುಂಬಲು ಬಾರದ ಮುದುಕಿಗೆ ಆ ಒಂದು ಕಿಟಕಿ ಊರಿನ ಹಾಗಿತ್ತು. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟು ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹೆಸರು ಹೋದದ್ದರ ಬಗ್ಗೆ ಬೇಕಾದಷ್ಟು ಬರೆದರು. ಪರಸ್ಥಳದ ಊರುಗಳಲ್ಲಿ ಆ ಕಿಟಕಿ ಮುಚ್ಚಿದ್ದನ್ನು ಬರೆದವರು ಕಡಿಮೆ.

ಅಂಗಡಿಗೆ ಮರಳೋಣ. ಬೋರ್ಡಿನಲ್ಲಿ ಬರೆಯದಿದ್ದರೆ ಇದು ನಮ್ಮವರ ಅಂಗಡಿ ಎಂದು ತಿಳಿಯುವುದು ಹೇಗೆ? ನಾನು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆ ನೋಡುತ್ತೇನೆ. ಕಲಬುರಗಿಯ ಶರಣಬಸವೇಶ್ವರರ ಪಟವಿದ್ದರೆ ಒಂದು ಸೀಮೆ, ಹುಮನಾಬಾದಿನ ಮಾಣಿಕಪ್ರಭುಗಳಿದ್ದರೆ ಇನ್ನೊಂದು, ಧರ್ಮಸ್ಥಳದ ಮಂಜುನಾಥನಿದ್ದರೆ ಮತ್ತೊಂದು. ಮಂತ್ರಾಲಯದ ರಾಯರ ಪಟದಿಂದ ಮಾತ್ರ ಏನೂ ಹೇಳಲಾಗದು. ಅವರು ಕನ್ನಡ, ತೆಲುಗು ಎರಡೂ ಮನೆಗಳವರು. ಅಂಗಡಿಯವರು ನನ್ನನ್ನು ಗುರುತಿಸುವುದು ನಾನು ಕೊಳ್ಳುವ ಸಾಮಾನಿನಿಂದ. ಬಿಳಿಜೋಳ ಕೇಳಿದರೆ ಸಾಲದು, ಇಲ್ಲಿ ಸಂಜೆ ಹೊತ್ತು ರಸ್ತೆ ಬದಿಗೆ ಒಲೆ ಹೂಡಿ ಜೊನ್ನ ರೊಟ್ಟೆ ಬಡಿಯುವ ತೆಲುಗು ತಾಯಂದಿರೂ ಅದೇ ಜೋಳ ಕೊಳ್ಳುತ್ತಾರೆ. ಅಗಸಿ, ಶೇಂಗಾ, ಗುರೆಳ್ಳಿನ ಹಿಂಡಿಗಳನ್ನು ಒಟ್ಟಿಗೆ ಕೇಳಿದರೆ ಅವರ ಕಿವಿ ನಿಮಿರುತ್ತದೆ.

ಇನ್ನೂ ಖಚಿತವಾಗಿ ಗೊತ್ತಾಗುವುದು ಹಬ್ಬದ ಹಿಂದಿನ ವಾರ. ಯುಗಾದಿ ಇಬ್ಬರಿಗೂ ಒಂದೇ ದಿನ, ಪಂಚಾಂಗವೂ ಹೆಚ್ಚುಕಡಿಮೆ ಒಂದೇ. ತೆಲುಗಿನವರು ಆರು ರುಚಿಯ ಪಚ್ಚಡಿಗೆ ಹೊಸ ಹುಣಸೆ, ಎಳೆ ಮಾವು ಒಯ್ಯುತ್ತಾರೆ. ನಮ್ಮವರಲ್ಲಿ ಹೆಚ್ಚಿನವರು ಬೇವು ಬೆಲ್ಲಕ್ಕೆ ಮುಗಿಸುತ್ತಾರೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು, ಹೆಚ್ಚಿದ ಕೊಬ್ಬರಿ ಕೇಳುವವರು ಮೈಸೂರು ಕಡೆಯವರು. ಕುಸುರೆಳ್ಳು ಕೇಳುವವರು ನಮ್ಮ ಕಡೆಯವರು. ಆದರೆ ಎಳ್ಳಮಾವಾಸ್ಯೆಯ ವಾರ ಬಂತೆಂದರೆ ಸಂಶಯಕ್ಕೆ ಎಡೆಯೇ ಇಲ್ಲ. ಕಲಬುರಗಿ, ಬೀದರ ಸೀಮೆಯಲ್ಲಿ ಅಂದು ಇಡೀ ಊರು ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ ಉಣ್ಣುತ್ತದೆ. ಸಜ್ಜಿ ರೊಟ್ಟಿ, ಕಡಬು, ಅಂಬಲಿ, ಎಲ್ಲಕ್ಕಿಂತ ಮೇಲಾಗಿ ಭಜ್ಜಿ: ಎಳೆ ಕಡಲೆ, ತೊಗರಿ, ಅವರೆ ಕಾಳುಗಳನ್ನು ಸೊಪ್ಪುಗಳ ಜೊತೆ ಬೇಯಿಸಿದ ಅಡುಗೆ. ಎಣ್ಣೆಯಲ್ಲಿ ಕರಿದ ಭಜಿಗೂ ಇದಕ್ಕೂ ಹೆಸರೊಂದನ್ನು ಬಿಟ್ಟರೆ ಸಂಬಂಧವಿಲ್ಲ. ಹೊಲವೇ ಇಲ್ಲದ ಹೈದರಾಬಾದಿನ ಫ್ಲಾಟುಗಳಲ್ಲೂ ಆ ದಿನ ಭಜ್ಜಿ ಬೇಯುತ್ತದೆ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ, ಸಜ್ಜಿ ಮತ್ತು ಹಸಿ ಕಾಳುಗಳನ್ನು ಒಂದೇ ಚೀಲಕ್ಕೆ ಹಾಕಿಸಿಕೊಳ್ಳುವವರನ್ನು ನೋಡಿದ ಅಂಗಡಿಯವರು ಊರು ಕೇಳುವುದಿಲ್ಲ, ನೇರ ತಾಲ್ಲೂಕು ಕೇಳುತ್ತಾರೆ.

ಮಾತಿನ ಸರಕಿನ ಲೆಕ್ಕವೂ ಹೀಗೇ ಕಲಸಿದ್ದು. ನಮ್ಮ ಅಂಗಡಿಯ ಕನ್ನಡದಿಂದ ಪಾರಸಿ, ಅರಬ್ಬಿ ಮೂಲದ ಪದಗಳನ್ನು ಆರಿಸಿ ತೆಗೆದರೆ ಸಂಜೆಯ ಲೆಕ್ಕ ಮುಗಿಯುವುದೇ ಇಲ್ಲ. ಬಜಾರು, ನಗದು, ಬಾಕಿ, ಜಮಾ, ಖರ್ಚು, ವಸೂಲಿ, ರಸೀದಿ, ಹಿಸಾಬು, ದಲಾಲಿ, ಅಸಲು ಇವೆಲ್ಲ ಆಳಿದವರ ಭಾಷೆಯಿಂದ ಬಂದು ನಮ್ಮ ನಾಲಗೆಯಲ್ಲಿ ಮನೆ ಮಾಡಿದವು. ಬೆಲೆ, ತೂಕ, ಕೊಳ್ಳು, ಮಾರು ಎಂಬ ಬುಡದ ಪದಗಳು ನಮ್ಮವಾಗಿಯೇ ಉಳಿದವು. ನಿಜಾಮರ ಕಾಲದಲ್ಲಿ ನಾಣ್ಯವೂ ಎರಡು ಬಗೆ: ಸಂಸ್ಥಾನದ ಹಾಲಿ ಸಿಕ್ಕಾ, ಬ್ರಿಟಿಷರ ಕಲ್ದಾರ್. ಕಲ್ದಾರ್ ಆರು ರೂಪಾಯಿಗೆ ಹಾಲಿ ಏಳು ಸಿಗುತ್ತಿತ್ತು. ಅಂಥ ಬಜಾರಿನಲ್ಲಿ ವ್ಯಾಪಾರ ಮಾಡಿದವರ ಮಕ್ಕಳಿಗೆ ಮೂರು ಭಾಷೆಯಲ್ಲಿ ಮಾತಾಡಿ ನಾಲ್ಕನೆಯದರಲ್ಲಿ ಎಣಿಸುವುದು ಕಷ್ಟವೆನಿಸದಿದ್ದರೆ ಆಶ್ಚರ್ಯವಿಲ್ಲ. ದಖನಿಯನ್ನು ಪರಭಾಷೆ ಎಂದು ದೂರವಿಡುವ ನಮ್ಮವರಿಗೂ ಒಂದು ಮಾತು ನೆನಪಿಸಬೇಕು. ಬಹಮನಿಗಳ ರಾಜಧಾನಿಗಳು ಕಲಬುರಗಿ ಮತ್ತು ಬೀದರ. ದಖನಿಯ ಮೊದಲ ದೊಡ್ಡ ಕಾವ್ಯವೆನ್ನುವ 'ಕದಮ್ ರಾವ್ ಪದಮ್ ರಾವ್' ಬೀದರಿನದು. ಹೈದರಾಬಾದಿನ ಬೀದಿಯ ಮಾತು ಹದಗೊಂಡ ಮಣ್ಣಿನಲ್ಲಿ ನಮ್ಮ ಊರುಗಳ ಮಣ್ಣೂ ಇದೆ.

ಅಂಗಡಿ ಎಂಬ ಪದವೇ ಒಂದು ಪಾಠ. ಕನ್ನಡ, ತೆಲುಗು, ತಮಿಳು, ಮಲಯಾಳ ನಾಲ್ಕರಲ್ಲೂ ಅದಿದೆ. ಹಳೆಯ ತಮಿಳು ಕಾವ್ಯಗಳಲ್ಲಿ ಮಧುರೆಯ ಹಗಲಂಗಡಿ, ಇರುಳಂಗಡಿಗಳ ವರ್ಣನೆ ಬರುತ್ತದೆ. ಆದರೆ ತೆಲಂಗಾಣದ ಹಳ್ಳಿಯಲ್ಲಿ 'ಅಂಗಡಿ ಎಲ್ಲಿದೆ' ಎಂದರೆ ವಾರದ ಸಂತೆಯ ಬಯಲು ತೋರಿಸುತ್ತಾರೆ, ಅಲ್ಲಿ ಆ ಪದಕ್ಕೆ ಅದೇ ಅರ್ಥ. ಒಂದೇ ಪದ ಗಡಿ ದಾಟಿದ ಕೂಡಲೇ ನಾಲ್ಕು ಗೋಡೆ ಕಳಚಿ ಬಯಲಾಗುತ್ತದೆ. ಲಿಪಿಯೂ ಹಾಗೇ. ಕನ್ನಡ ಓದಬಲ್ಲವರು ಇಲ್ಲಿನ ತೆಲುಗು ಬೋರ್ಡುಗಳನ್ನು ಒಂದು ವಾರದಲ್ಲಿ ಓದುತ್ತಾರೆ. ನಮ್ಮ ತಲೆಕಟ್ಟು ಅಡ್ಡಗೆರೆ, ಅವರದು ಸರಿಗುರುತಿನಂಥ ಗೀಟು, ಒಡಲು ಬಹುಪಾಲು ಒಂದೇ. ಈ ಹತ್ತಿರವೇ ಅಪಾಯವೂ ಹೌದು. ದೂರದ ಭಾಷೆಯ ನಡುವೆ ಇದ್ದಾಗ ನಮ್ಮದನ್ನು ಕಾಪಾಡಿಕೊಳ್ಳುವ ಎಚ್ಚರ ತಾನಾಗಿ ಬರುತ್ತದೆ. ಇಷ್ಟು ಹತ್ತಿರದ ಭಾಷೆಯೊಳಗೆ ನಾವು ಯಾವಾಗ ಜಾರಿದೆವು ಎಂಬುದು ನಮಗೇ ತಿಳಿಯುವುದಿಲ್ಲ.

ಈ ಜಾರುವಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಬಹು ದೂರದ ಒಂದು ನಾಡಿನ ಅನುಭವ ನನಗೆ ಸಹಾಯ ಮಾಡಿತು. ಅದು ಐರ್ಲೆಂಡ್. ಅಲ್ಲಿನ ಸಂವಿಧಾನ 1937ರಿಂದಲೂ ಐರಿಷ್ ಭಾಷೆಯನ್ನು ಮೊದಲ ರಾಜಭಾಷೆ ಎನ್ನುತ್ತದೆ. ರಸ್ತೆಯ ಫಲಕಗಳಲ್ಲಿ ಊರ ಹೆಸರು ಐರಿಷ್‌ನಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಬಹುಪಾಲು ಮಕ್ಕಳು ಕಲಿಯುತ್ತಾರೆ. 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ತಮಗೆ ಐರಿಷ್ ಬರುತ್ತದೆ ಎಂದು ಬರೆಸಿದರು. ಶಾಲೆಯ ಹೊರಗೆ ದಿನವೂ ಅದನ್ನು ಆಡುತ್ತೇವೆ ಎಂದವರು ಎಷ್ಟು? ಸುಮಾರು 72 ಸಾವಿರ. ಬಲ್ಲವರು ಇಪ್ಪತ್ತಾರು ಮಂದಿಯಿದ್ದರೆ ದಿನವೂ ಆಡುವವರು ಒಬ್ಬರು. ಬೋರ್ಡಿದೆ, ಪಠ್ಯವಿದೆ, ಕಾನೂನಿದೆ. ಬ್ರೆಡ್ಡು ಕೊಳ್ಳುವಾಗ ಬಾಯಿಗೆ ಬರುವುದು ಇಂಗ್ಲಿಷು.

ಏಕೆ ಹೀಗಾಗುತ್ತದೆ? ಇಬ್ಬರಿಗೂ ಎರಡು ಭಾಷೆ ಬರುತ್ತದೆ ಎಂದಿಟ್ಟುಕೊಳ್ಳಿ, ಒಂದು ದೊಡ್ಡದು, ಒಂದು ಚಿಕ್ಕದು. ಎದುರಿಗಿರುವವರಿಗೆ ಚಿಕ್ಕ ಭಾಷೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಚಿಕ್ಕದರಲ್ಲಿ ಮಾತು ತೆಗೆದು ಅವರಿಗೆ ತಿಳಿಯದೆ ಹೋದರೆ ಮುಜುಗರ. ದೊಡ್ಡದರಲ್ಲಿ ಶುರು ಮಾಡಿದರೆ ಯಾವ ತೊಂದರೆಯೂ ಇಲ್ಲ. ಆದ್ದರಿಂದ ಇಬ್ಬರೂ ಮರ್ಯಾದೆಗೆ, ಸೌಜನ್ಯಕ್ಕೆ ದೊಡ್ಡ ಭಾಷೆಯನ್ನೇ ಆರಿಸುತ್ತಾರೆ. ಯಾರಿಗೂ ಯಾರ ಮೇಲೂ ದ್ವೇಷವಿಲ್ಲ, ಯಾರೂ ಬಲವಂತ ಮಾಡಲಿಲ್ಲ. ಆದರೂ ಚಿಕ್ಕ ಭಾಷೆಗೆ ಒಂದು ಅವಕಾಶ ತಪ್ಪಿತು. ಇದು ದಿನಕ್ಕೆ ಹತ್ತು ಸಲ, ಊರಿನ ತುಂಬ ನಡೆದರೆ ಭಾಷೆ ಬಲ್ಲವರಿದ್ದೂ ಭಾಷೆ ಇಲ್ಲದಂತಾಗುತ್ತದೆ. ನನಗೇ ಆದದ್ದು ಹೇಳುತ್ತೇನೆ. ನಮ್ಮ ಬೀದಿಯ ತುದಿಯ ಅಂಗಡಿಯಲ್ಲಿ ಎರಡು ವರ್ಷ ಹಿಂದಿಯಲ್ಲಿ ಮಾತಾಡಿ ಹಾಲು ಕೊಂಡೆ. ಒಂದು ಬೆಳಗ್ಗೆ ಅವರ ಫೋನು ಬಂತು, "ಯವ್ವಾ, ಊಟ ಆಯ್ತೇನ?" ಎಂದು ತಾಯಿಗೆ ಕೇಳಿದರು. ಚಿಟಗುಪ್ಪದವರು. ಎರಡು ವರ್ಷದಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಕೊಡಬಹುದಾಗಿದ್ದ ಏಳುನೂರು ಬೆಳಗಿನ ಕನ್ನಡವನ್ನು ನೆನೆದರೆ ಇಂದಿಗೂ ಹೊಟ್ಟೆ ಚುರುಕ್ಕೆನ್ನುತ್ತದೆ.

ಐರಿಷ್ ಜನ ಈ ಗಂಟನ್ನು ಬಿಡಿಸಲು ಬೇರೆ ಬೇರೆ ದಾರಿ ಹುಡುಕಿದರು. ಒಂದು, ಫಾನ್ಯ ಎಂಬ ಪುಟ್ಟ ಉಂಗುರದ ಗುರುತು. ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡವರು ಐರಿಷ್ ಮಾತಾಡಲು ತಯಾರಿದ್ದಾರೆ ಎಂದರ್ಥ. 1916ರಿಂದ ಅದು ಬಳಕೆಯಲ್ಲಿದೆ. ಮೊದಲ ಮಾತು ಆಡುವ ಮೊದಲೇ ಸಂಶಯ ನೀಗಿಸುವುದು ಅದರ ಕೆಲಸ. ಇನ್ನೊಂದು, ಸರ್ಕಾರ 2012ರ ಕಾಯ್ದೆಯಲ್ಲಿ ತಂದ 'ಸೇವಾ ಪಟ್ಟಣ'ದ ಕಲ್ಪನೆ. ಐರಿಷ್ ಮನೆಮಾತಾಗಿರುವ ಪ್ರದೇಶಗಳಿಗೆ ಅಲ್ಲಿ ಗೇಲ್ತಾಖ್ತ್ ಎನ್ನುತ್ತಾರೆ. ಹೆಚ್ಚಿನವು ಪಶ್ಚಿಮ ಕಡಲಂಚಿನ ಹಳ್ಳಿಗಳು. ಹಳ್ಳಿಯಲ್ಲಿ ಭಾಷೆ ಗಟ್ಟಿಯಾಗಿದ್ದರೂ ಜನ ಬಟ್ಟೆ, ಔಷಧಿ, ಬ್ಯಾಂಕಿಗೆ ಹೋಗುವುದು ಗಾಲ್ವೇಯಂಥ ಪಟ್ಟಣಗಳಿಗೆ. ಅಲ್ಲಿ ಇಂಗ್ಲಿಷಿಗೆ ಹೊರಳಬೇಕಾದರೆ, ಮುಖ್ಯವಾದ ಕೆಲಸಕ್ಕೆ ನಮ್ಮ ಭಾಷೆ ಆಗಿಬರುವುದಿಲ್ಲ ಎಂಬ ಪಾಠವನ್ನು ಮಗು ತಾಯಿಯ ಕೈ ಹಿಡಿದು ಕಲಿಯುತ್ತದೆ. ಹಾಗಾಗಿ ಹಳ್ಳಿಯ ಭಾಷೆಯನ್ನು ಉಳಿಸಬೇಕಾದರೆ ಪಟ್ಟಣದ ಅಂಗಡಿಯಲ್ಲಿ ಆ ಭಾಷೆ ನಡೆಯುವಂತೆ ಮಾಡಬೇಕು. ಎಷ್ಟು ಸರಳವಾದ ಮಾತು, ಆದರೆ ನಮ್ಮಲ್ಲಿ ಯಾವ ಭಾಷಾನೀತಿಯಲ್ಲೂ ನಾನು ಇದನ್ನು ಕಂಡಿಲ್ಲ.

ಮೂರನೆಯ ಉದಾಹರಣೆ ನಗರದ್ದು, ಹಾಗಾಗಿ ಹೈದರಾಬಾದಿಗೆ ಹೆಚ್ಚು ಹತ್ತಿರ. ಬೆಲ್‌ಫಾಸ್ಟ್ ಉತ್ತರ ಐರ್ಲೆಂಡಿನ ನಗರ, ಬ್ರಿಟಿಷ್ ಆಡಳಿತದ್ದು. ಅಲ್ಲಿ 1949ರ ಒಂದು ಕಾನೂನು ಬೀದಿಯ ಹೆಸರನ್ನು ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಬರೆಯದಂತೆ ತಡೆದಿತ್ತು. 1995ರ ವರೆಗೂ ಆ ನಿಷೇಧ ಇತ್ತು. ಅಂಥ ಊರಿನಲ್ಲಿ 1960ರ ದಶಕದ ಕೊನೆಗೆ ಕೆಲವು ಕುಟುಂಬಗಳು ಶಾಸ್ ರೋಡ್ ಎಂಬಲ್ಲಿ ಒತ್ತೊತ್ತಾಗಿ ಮನೆ ಕಟ್ಟಿಕೊಂಡವು, ಮಕ್ಕಳನ್ನು ಐರಿಷ್‌ನಲ್ಲೇ ಬೆಳೆಸಲು. 1971ರಲ್ಲಿ ತಾವೇ ಶಾಲೆ ತೆರೆದರು. 1991ರಲ್ಲಿ ಫಾಲ್ಸ್ ರೋಡಿನ ಒಂದು ಹಳೆಯ ಇಗರ್ಜಿಯ ಕಟ್ಟಡದಲ್ಲಿ ಕುಲ್ತೂರ್‌ಲಾನ್ ಎಂಬ ಕೇಂದ್ರ ಶುರುವಾಯಿತು. ಅಲ್ಲಿ ಸಭಾಂಗಣದ ಜೊತೆ ಒಂದು ಪುಸ್ತಕದಂಗಡಿ, ಒಂದು ಕಾಫಿ ಅಂಗಡಿ ಇದೆ. ಈ ಎರಡನ್ನು ಒತ್ತಿ ಹೇಳುತ್ತೇನೆ. ಭಾಷಣ ಕೇಳಲು ಬರುವವರು ಕೆಲವರೇ, ಕಾಫಿ ಕುಡಿಯಲು ಯಾರು ಬೇಕಾದರೂ ಬರುತ್ತಾರೆ. ಅಲ್ಲಿ ಒಂದು ಕಾಫಿಯನ್ನು ಐರಿಷ್‌ನಲ್ಲಿ ಕೇಳಿ ತರಿಸಿಕೊಳ್ಳುವವರು ಪಾಠವೊಂದನ್ನು ಜೀವಂತ ಮಾಡಿಕೊಂಡಂತೆ. ಅಂದ ಹಾಗೆ ಐರಿಷ್‌ನಲ್ಲಿ ಅಂಗಡಿಗೆ ಶುಪಾ ಎನ್ನುತ್ತಾರೆ. ಅದು ಇಂಗ್ಲಿಷಿನ 'ಶಾಪ್'ನಿಂದಲೇ ಬಂದದ್ದು. ಎರವಲು ಪದದಿಂದ ಭಾಷೆ ಸಾಯುವುದಿಲ್ಲ ಎಂಬುದಕ್ಕೆ ನಮ್ಮ ಬಜಾರು, ಅವರ ಶುಪಾ ಎರಡೂ ಸಾಕ್ಷಿ.

ನಮ್ಮಲ್ಲಿ ಭಾಷೆಯ ಚರ್ಚೆ ಬಹುಮಟ್ಟಿಗೆ ಬೋರ್ಡಿನ ಚರ್ಚೆ. ಕರ್ನಾಟಕ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಅಂಗಡಿ ನಾಮಫಲಕದ ಶೇ 60ರಷ್ಟು ಜಾಗ ಕನ್ನಡಕ್ಕೆ ಎಂದು ವಿಧಿಸಿತು. ಅದು ಸರಿಯಾದದ್ದೇ, ನಮ್ಮ ನೆಲದಲ್ಲಿ ನಮ್ಮ ಅಕ್ಷರ ಕಾಣಬೇಕು. ಆದರೆ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಬೋರ್ಡು ಕನ್ನಡ, ಒಳಗಿನ ಮಾತು ಬೇರೆ. ಹೈದರಾಬಾದಿನ ಕಾಚಿಗುಡದಲ್ಲಿ ಬೋರ್ಡು ತೆಲುಗು, ಗಲ್ಲಾದ ಎಣಿಕೆ ಕನ್ನಡ. ಎರಡರಲ್ಲಿ ಒಂದನ್ನೇ ಉಳಿಸಬಹುದೆಂದರೆ ನಾನು ಹಿಂದೆಮುಂದೆ ನೋಡದೆ ಎರಡನೆಯದನ್ನು ಉಳಿಸುತ್ತೇನೆ.

ಇದು ಬರಿಯ ಅಭಿಮಾನದ ಮಾತಲ್ಲ. ಹೈದರಾಬಾದಿನ ಯಾವುದೇ ದೊಡ್ಡ ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು ನೋಡಿ. ಬೀದರ, ಔರಾದ, ಬಸವಕಲ್ಯಾಣದ ಕಡೆಯಿಂದ ಬಂದ ವಯಸ್ಸಾದ ತಾಯಿಯೊಬ್ಬಳು ಕೈಯಲ್ಲಿ ಚೀಟಿ ಹಿಡಿದು ಬರುತ್ತಾಳೆ. ಮಗ ದುಡ್ಡು ಕಟ್ಟಲು ಇನ್ನೆಲ್ಲೋ ನಿಂತಿರುತ್ತಾನೆ. ಅಂಗಡಿಯ ಹುಡುಗ ತೆಲುಗಿನಲ್ಲಿ ಹೇಳುತ್ತಾನೆ, ಆಕೆ ತಲೆಯಾಡಿಸುತ್ತಾಳೆ. ತಿಳಿದು ಆಡಿಸಿದಳೋ, ಸಂಕೋಚಕ್ಕೆ ಆಡಿಸಿದಳೋ ಅವನಿಗೆ ಗೊತ್ತಾಗುವುದಿಲ್ಲ. ಒಂದು ದಿನ ನಾನು ಕಂಡ ಅಂಗಡಿಯವರು ಹಾಗೆ ಬಿಡಲಿಲ್ಲ. ಮಾತ್ರೆಯ ಪಟ್ಟಿಯನ್ನು ಕತ್ತರಿಯಿಂದ ತುಂಡು ಮಾಡಿ, ಪ್ರತಿ ಕಾಗದದ ಚೀಲದ ಮೇಲೂ ಪೆನ್ನಿನಿಂದ ಗುರುತು ಹಾಕಿದರು. ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಆಮೇಲೆ ತಡವರಿಸುತ್ತ, ಯಾವುದೋ ಕಾಲದಲ್ಲಿ ಕಲಿತ ಕನ್ನಡದಲ್ಲಿ, "ಅವ್ವಾ, ಇದು ಉಂಡ ಮ್ಯಾಲ. ಇದು ಖಾಲಿ ಹೊಟ್ಟೀಲಿ" ಎಂದರು. ಆಕೆ ಎರಡು ಚೀಲಗಳನ್ನು ಎರಡು ಕೈಯಲ್ಲಿ ಹಿಡಿದು, "ಇದು ಉಂಡ ಮ್ಯಾಲ, ಇದು ಖಾಲಿ ಹೊಟ್ಟೀಲಿ" ಎಂದು ತಿರುಗಿ ಹೇಳಿ ಒಪ್ಪಿಸಿದಳು. ಆ ಅಂಗಡಿಯವರು ತೆಲುಗಿನವರು. ಸೇವಾ ಪಟ್ಟಣವೆಂದರೆ ಏನೆಂದು ಐರ್ಲೆಂಡಿನ ಕಾಯ್ದೆ ಓದಿದಾಗಲೂ ನನಗೆ ಇಷ್ಟು ಸ್ಪಷ್ಟವಾಗಿ ತಿಳಿದಿರಲಿಲ್ಲ.

ಇದರ ಮಗ್ಗುಲು ಬದಲಿಸಿ ನೋಡಬೇಕಾದ ಜಾಗವೂ ಇದೆ. ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿ, ನದಿಯಾಚೆ ರಾಯಚೂರು ಇರುವ ಕಡೆ, ಕೃಷ್ಣಾ ಮಂಡಲವಿದೆ. ಅಲ್ಲಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ತೆಲಂಗಾಣ ಸರ್ಕಾರವೇ ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತದೆ, ಪಠ್ಯಪುಸ್ತಕವನ್ನೂ ಕನ್ನಡದಲ್ಲಿ ಅಚ್ಚು ಹಾಕುತ್ತದೆ. ಅದಕ್ಕಾಗಿ ಅದನ್ನು ಮನಸಾರೆ ನೆನೆಯಬೇಕು. ಆ ಹಳ್ಳಿಯವರಿಗೆ ಸಂತೆಗೆ ರಾಯಚೂರು ಹತ್ತಿರ, ಕಚೇರಿಗೆ ನಾರಾಯಣಪೇಟೆಗೇ ಹೋಗಬೇಕು. ಒಂದು ಊರಿನಲ್ಲಿ ಅವರ ಕನ್ನಡ ನಡೆಯುತ್ತದೆ, ಇನ್ನೊಂದರಲ್ಲಿ ತೆಲುಗು ಬೇಕು. ಶಾಲೆ ಕನ್ನಡ ಕಲಿಸಿದರೂ, ಅರ್ಜಿ ಬರೆಯಲು, ರೇಷನ್ ತಕರಾರಿಗೆ, ಕೊನೆಗೆ ಮೊಬೈಲು ರಿಪೇರಿಗೆ ಆ ಕನ್ನಡ ಒದಗದಿದ್ದರೆ ತಂದೆತಾಯಿ ಮಕ್ಕಳನ್ನು ಯಾವ ಶಾಲೆಗೆ ಹಾಕುತ್ತಾರೆ? ಅವರನ್ನು ದೂರುವುದು ಅನ್ಯಾಯ.

ಈಗ ಕಟ್ಟೆಯೇ ಬದಲಾಗುತ್ತಿದೆ. ಸೂಪರ್ ಮಾರ್ಕೆಟ್ಟಿನಲ್ಲಿ ಮಾತೇ ಬೇಕಿಲ್ಲ, ಬುಟ್ಟಿಗೆ ಹಾಕಿಕೊಂಡು ಬಂದರಾಯಿತು. ಹತ್ತು ನಿಮಿಷದಲ್ಲಿ ಮನೆಗೆ ತರುವ ಆ್ಯಪಿನಲ್ಲಿ ಅಷ್ಟೂ ಇಲ್ಲ. ಉಳಿದ ಕಿರಾಣಿ ಅಂಗಡಿಗಳಲ್ಲಿ ಹಣ ಬಂತೆಂದು ಕೂಗಿ ಹೇಳುವ ಪುಟ್ಟ ಪೆಟ್ಟಿಗೆಗಳು ಬಂದಿವೆ. ಕಾಚಿಗುಡದ ಆ ಅಂಗಡಿಯ ಪೆಟ್ಟಿಗೆ ತೆಲುಗಿನಲ್ಲಿ ಹೇಳುತ್ತದೆ. ಈ ಪೆಟ್ಟಿಗೆಗಳಲ್ಲಿ ಕನ್ನಡವೂ ಇರುತ್ತದೆ, ಬೇಕಾದರೆ ಬದಲಿಸಿಕೊಳ್ಳಬಹುದು ಎಂದೆ. ಹಿರಿಯರು ಸ್ವಲ್ಪ ಯೋಚಿಸಿ, "ಬ್ಯಾಡ್ರಿ, ಗಿರಾಕಿಗೂ ತಿಳೀಬೇಕಲ್ರಿ" ಎಂದರು. ಅವರು ಹೇಳಿದ್ದು ಸರಿ. ಹಂಚಿಕೊಂಡ ಮಾತು ಹಂಚಿಕೊಂಡವರೆಲ್ಲರಿಗೂ ತಿಳಿಯಬೇಕು. ತೆಲುಗನ್ನು ಹಿಂದೆ ಸರಿಸಿ ಕನ್ನಡಕ್ಕೆ ಜಾಗ ಮಾಡುವುದು ಇಲ್ಲಿ ಆಗದ ಮಾತು, ಆಗಬಾರದ ಮಾತೂ ಹೌದು. ಆಗಬಹುದಾದದ್ದು ಚಿಕ್ಕದು: ಗಲ್ಲಾದ ಪಕ್ಕ ಅಂಗೈ ಅಗಲದ ಒಂದು ಚೀಟಿ, 'ಕನ್ನಡದಲ್ಲಿ ಮಾತಾಡಿ' ಎಂದು. ಬಸ್ ನಿಲ್ದಾಣದ, ಆಸ್ಪತ್ರೆಗಳ ಸುತ್ತಲಿನ ಅಂಗಡಿಗಳಲ್ಲಿ ಅದನ್ನು ಹಚ್ಚಿಸುವ ಕೆಲಸವನ್ನು ಇಲ್ಲಿನ ಕನ್ನಡ ಸಂಘಗಳು ಮಾಡಬಹುದು. ರಾಜ್ಯೋತ್ಸವದ ಒಂದು ಶಾಮಿಯಾನದ ಖರ್ಚಿನಲ್ಲಿ ಸಾವಿರ ಚೀಟಿ ಅಚ್ಚಾಗುತ್ತವೆ. ಮೊದಲ ಮಾತಿನ ಮುಜುಗರ ಕಳೆದರೆ ಮಿಕ್ಕದ್ದನ್ನು ಜನರೇ ನೋಡಿಕೊಳ್ಳುತ್ತಾರೆ.

ಹೋದ ಎಳ್ಳಮಾವಾಸ್ಯೆಯ ಹಿಂದಿನ ಸಂಜೆ ಅದೇ ಅಂಗಡಿಗೆ ಸಜ್ಜಿ ತರಲು ಹೋದೆ. ತಕ್ಕಡಿ ಬದಿಗಿಟ್ಟು ಹಿರಿಯರು ಹಳೆಯ ಕಬ್ಬಿಣದ ಸೇರು ತೆಗೆದಿದ್ದರು. ಹಬ್ಬದ ಕಾಳನ್ನು ಸೇರಿನಲ್ಲೇ ಕೇಳುವ ಗಿರಾಕಿಗಳು ಇನ್ನೂ ಇದ್ದಾರಂತೆ. ಮೊಣಕೈ ನೋವೆಂದು ಅಳೆಯಲು ಮೊಮ್ಮಗನನ್ನು ಕೂರಿಸಿದ್ದರು. ಹನ್ನೆರಡು ವರ್ಷದ ಹುಡುಗ, ಅಜ್ಜ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದ. ಸೇರು ತುಂಬಿ, ಅಂಗೈಯಿಂದ ಮೇಲೆ ಸವರಿ, ನನ್ನ ಚೀಲಕ್ಕೆ ಸುರಿದು "ಲಾಭ" ಎಂದ. ಮೊದಲ ಅಳತೆಗೆ ಒಂದು ಎನ್ನಬಾರದು, ಲಾಭ ಎನ್ನಬೇಕು. ಅದು ನಮ್ಮಲ್ಲೂ ಅವರಲ್ಲೂ ಇರುವ ರೂಢಿ. ಆಮೇಲೆ "ರೆಂಡು" ಎಂದ, "ಮೂಡು" ಎಂದ. ಅಜ್ಜ ತಿದ್ದಲಿಲ್ಲ. ನಾಲ್ಕನೆಯ ಸೇರು ಚೀಲಕ್ಕೆ ಬೀಳುವಾಗ ಎಲ್ಲೋ ನೋಡುತ್ತ, ತಮಗೆ ತಾವೇ ಎಂಬಂತೆ, "ನಾಕ" ಎಂದರು.

ಹುಡುಗ ಐದನೆಯದನ್ನು ತುಂಬಿ ಸವರಿದ. "ಐದ" ಎಂದ.